ಒಂದನೇ ನಂಬರಿನವರು ಬನ್ನಿ

ಕಣ್ಣಾಸ್ಪತ್ರೆಯಲ್ಲಿ ನಮ್ಮ ಅತ್ತೆಗೆ ಕೂಗಮ್ಮ ಎಂದು ಹೆಸರು. ನಿಜವಾದ ಹೆಸರೇನೆಂದು ಕೇಳಿದರೆ ಅಲ್ಲಿನ ಡಾಕ್ಟರಮ್ಮನೇ ಒಂದು ಗಳಿಗೆ ತಡವರಿಸುತ್ತಾರೆ. ಬಂದವರ ಕಣ್ಣಿಗೆ ಮೊದಲು ಔಷಧಿಯ ಹನಿ ಬಿಟ್ಟು, ಪಾಪೆ ಅರಳುವವರೆಗೆ ಗೋಡೆಗೆ ಒರಗಿಸಿ ಬೆಂಚಿನ ಮೇಲೆ ಕೂರಿಸುವುದು ಅಲ್ಲಿಯ ಪದ್ಧತಿ. ಕಣ್ಣು ಮುಚ್ಚಿ ಕೂತವರಿಗೆ ಗೋಡೆಯ ಮೇಲೆ ಕೆಂಪು ದೀಪದಲ್ಲಿ ನಂಬರು ತೋರಿಸಿದರೆ ಬಂದ ಭಾಗ್ಯವೇನು? ಯಾರಾದರೂ ಕೂಗಿ ಕರೆಯಲೇಬೇಕು. ನಾನು ಈ ಮನೆಗೆ ಸೊಸೆಯಾಗಿ ಬರುವ ಎಷ್ಟೋ ಮೊದಲಿನಿಂದ ಆ ಕೆಲಸ ಅತ್ತೆಯದು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಅವರು ಹನ್ನೆರಡು ಎಂದು ಕೂಗಿದರೆ, ಬೀದಿಯ ಆಚೆ ಬದಿ ಸೈಕಲ್ ರಿಪೇರಿ ಮಾಡುತ್ತಿದ್ದವನು ಕೂಡ ನಂಬರು ಚೀಟಿಗಾಗಿ ತನ್ನ ಜೇಬು ತಡವಿಕೊಳ್ಳುತ್ತಿದ್ದನಂತೆ.

ಆ ಗಂಟಲು ಸಂಜೆ ಮನೆಗೂ ಬರುತ್ತಿತ್ತು. ಅಡುಗೆಮನೆಯಿಂದ ಅತ್ತೆ ಉಪ್ಪು ಕೇಳಿದ್ದಕ್ಕೆ ಪಕ್ಕದ ಮನೆಯವರು ತಂದು ಕೊಟ್ಟದ್ದೂ ಉಂಟು. ಇವಳು ಮಾತಾಡುವುದಕ್ಕೆ ಫೋನು ಯಾಕೆ ಬೇಕು, ಕಿಟಕಿ ತೆರೆದರೆ ಸಾಲದೇ ಎಂದು ಮಾವ ಕೇಳುತ್ತಿದ್ದರು. ಮಾವ ಜೀವನವಿಡೀ ಗಡಿಯಾರ ರಿಪೇರಿ ಮಾಡಿದವರು, ಟಿಕ್ ಟಿಕ್ ಬಿಟ್ಟರೆ ಬೇರೆ ಸದ್ದು ಬೇಡದ ಮನುಷ್ಯ. ಇಬ್ಬರಿಗೂ ಗಂಟು ಹಾಕಿದವರು ಯಾರೋ, ಅವರಿಗೆ ಹಾಸ್ಯಪ್ರಜ್ಞೆ ಚೆನ್ನಾಗಿತ್ತು.

ಇಂಥ ಅತ್ತೆಯ ಗಂಟಲಲ್ಲಿ ಸಣ್ಣದೊಂದು ಗುಳ್ಳೆ ಎದ್ದಿತು. ಹೆದರುವಂಥದ್ದೇನಲ್ಲ, ಆದರೆ ಇನ್ನು ಕೂಗುವಂತಿಲ್ಲ ಎಂದು ಗಂಟಲಿನ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಮೆಲ್ಲಗೆ ಮಾತಾಡಬಹುದು, ಅದೂ ದಿನಕ್ಕೆ ಒಂದು ಲೋಟ ಟೀ ಕುಡಿದು ಮುಗಿಸುವಷ್ಟು ಹೊತ್ತು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎನ್ನುತ್ತಾರೆ. ಬಾಯಿಂದಲೇ ಬದುಕುತ್ತಿದ್ದವರಿಗೆ ಬಾಯಿ ಕಟ್ಟಿದರೆ ಏನು ಗತಿ ಎಂದು ಯಾವ ಗಾದೆಯೂ ಹೇಳುವುದಿಲ್ಲ. ಮೊದಲೆರಡು ದಿನ ಮಾವ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದರು. ಮೂರನೆಯ ದಿನ ಪೇಪರು ಮಡಚಿಟ್ಟು, ಮನೆ ಯಾಕೋ ಬಿಕೋ ಅನ್ನುತ್ತಿದೆ ಎಂದು ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಂತರು.

ಡಾಕ್ಟರಮ್ಮ ಕೆಟ್ಟವರಲ್ಲ. ಅತ್ತೆಯನ್ನು ಕೂರಿಸಿಕೊಂಡು ಸಮಾಧಾನವಾಗಿಯೇ ಹೇಳಿದರಂತೆ: ಬೆಂಚಿನ ಮೇಲಿರುವವರಿಗೆ ಕೇಳಿಸಬೇಕಲ್ಲ, ಕೂಗುವವರು ಬೇರೆ ಯಾರನ್ನಾದರೂ ನೋಡಬೇಕಾಗುತ್ತದೆ, ನೀವು ಆರಾಮಾಗಿ ಮನೆಯಲ್ಲಿರಿ ಎಂದು. ಅತ್ತೆಗೆ ಅರ್ಥವಾಗದ್ದು ಆ ಆರಾಮು. ಮನೆಯಲ್ಲಿ ಅವರು ಹೆಂಡತಿ, ತಾಯಿ, ಅತ್ತೆ. ಎಲ್ಲವೂ ಯಾರದೋ ಕಡೆಯಿಂದ ಬಂದ ಪಟ್ಟಗಳು. ಆ ಕುರ್ಚಿಯೊಂದೇ ಅವರಾಗಿಯೇ ಸಂಪಾದಿಸಿದ್ದು. ಅದು ಹೋದರೆ ತಾನು ಏನೂ ಅಲ್ಲ ಎಂದು ಅವರಿಗೆ ಗಟ್ಟಿಯಾಗಿ ಅನಿಸಿಬಿಟ್ಟಿತ್ತು. ಆ ದಿನದ ಮಾತಿನ ಪಾಲನ್ನೆಲ್ಲ ಡಾಕ್ಟರಮ್ಮನ ಎದುರೇ ಖರ್ಚು ಮಾಡಿ, ಶನಿವಾರದವರೆಗೆ ಸಮಯ ಕೊಡಿ, ಕೂಗುವ ಮಿಷನ್ನು ನಾನೇ ಮಾಡಿ ತರುತ್ತೇನೆ ಎಂದು ಹೇಳಿ ಬಂದರು.

ಧೈರ್ಯ ಎಲ್ಲಿಂದ ಬಂತು ಎಂದರೆ ನನ್ನಿಂದ. ನಾನು ಹೊಟ್ಟೆಪಾಡಿಗೆ ಸ್ಕ್ರಿಪ್ಟ್ ಬರೆಯುವವಳು. ಕಂಪ್ಯೂಟರಿಗೆ ಇದು ಮಾಡು, ಆಮೇಲೆ ಅದು ಮಾಡು ಎಂದು ಸಾಲು ಸಾಲಾಗಿ ಹೇಳುವುದು ನನ್ನ ಕೆಲಸ. ಊಟದ ಮೇಜಿನ ಮೇಲೆಯೇ ನನ್ನ ಆಫೀಸು. ಎದುರಿಗೆ ಕೂತು ಸೊಪ್ಪು ಬಿಡಿಸುತ್ತ ಬಿಡಿಸುತ್ತ ಅತ್ತೆ ಅರ್ಧ ವಿದ್ಯೆ ಕಲಿತಿದ್ದರು; ಆಸ್ಪತ್ರೆಯ ಹಳೇ ಕಂಪ್ಯೂಟರಿನಲ್ಲಿ ರೋಗಿಗಳ ಪಟ್ಟಿ ತಿದ್ದಲು ಸಣ್ಣಪುಟ್ಟ ಸ್ಕ್ರಿಪ್ಟು ಬರೆದೂ ಇದ್ದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನನ್ನ ಕಾಲ ಬಂತೆಂದು ನಾನು ತೋಳೇರಿಸಿ ಕೀಬೋರ್ಡಿಗೆ ಕೈ ಹಾಕಿದರೆ ಅತ್ತೆ ಆ ಕೈ ಮೇಲೆ ಒಂದು ಏಟು ಕೊಟ್ಟರು. ಆಮೇಲೆ ಮೆಲ್ಲಗೆ ಹೇಳಿದರು:

"ನೀನು ಬರೆದ್ರೆ ಆ ಕುರ್ಚಿಗೆ ಬೇಕಾಗೋಳು ನೀನು. ನಾನಲ್ಲ."

ಕೇಳಿದರೆ ಹೇಳುತ್ತೇನೆ, ಕೇಳದೆ ಮುಟ್ಟುವುದಿಲ್ಲ ಎಂದು ಒಪ್ಪಂದವಾಯಿತು. ನನ್ನ ಸ್ವಭಾವಕ್ಕೆ ಇದು ಉಪವಾಸ ಕೂತ ಹಾಗೆ. ಯಾರಾದರೂ ತಪ್ಪು ಸಾಲು ಬರೆಯುವುದನ್ನು ನೋಡುತ್ತ ಸುಮ್ಮನಿರುವುದಕ್ಕಿಂತ ಬಿಸಿ ಬಾಣಲೆ ಬರಿಗೈಯಲ್ಲಿ ಇಳಿಸುವುದು ನನಗೆ ಸುಲಭ.

ಕೆಲಸ ಶುರುವಾಯಿತು. ಕೂಗುವುದಕ್ಕೆ ದನಿ ಬೇಕಲ್ಲ, ದನಿ ತಮ್ಮದೇ ಇರಬೇಕೆಂದು ಅತ್ತೆಯ ಹಠ. ಮೆಲ್ಲಗೆ ಹೇಳಿ ರೆಕಾರ್ಡ್ ಮಾಡಿದರೆ ಸಾಕು, ಗಟ್ಟಿ ಮಾಡುವುದು ಸ್ಪೀಕರಿನ ಪಾಡು. ದಿನಕ್ಕೆ ಇದ್ದದ್ದೇ ಒಂದು ಲೋಟದಷ್ಟು ಮಾತು, ಅದನ್ನೆಲ್ಲ ಅವರು ನಂಬರಿಗೆ ಸುರಿದರು. ಹಿತ್ತಲ ಬಾಗಿಲು ಮುಚ್ಚಿ, ಫ್ಯಾನು ನಿಲ್ಲಿಸಿ, ಹದಿನಾಲ್ಕು, ಹದಿನೈದು ಎಂದು ಫೋನಿಗೆ ಹೇಳಿ ಬಂದರೆಂದರೆ ನಮ್ಮ ಪಾಲಿಗೆ ಉಳಿಯುತ್ತಿದ್ದದ್ದು ಬರೀ ಕೈಸನ್ನೆ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಮಾವ ಗೊಣಗಿದರು. ಆದರೂ ರೆಕಾರ್ಡ್ ಮಾಡುವಾಗ ಬಾಗಿಲಿಗೆ ಕಿವಿಯಿಟ್ಟು ನಿಂತಿರುತ್ತಿದ್ದವರು ಅವರೇ. ಹೆಂಡತಿಯ ದನಿ ಕೇಳಬೇಕೆಂದರೆ ಆ ವಾರ ಅದೊಂದೇ ದಾರಿಯಿತ್ತು.

ಸ್ಕ್ರಿಪ್ಟಿನಲ್ಲಿ ಅತ್ತೆ ಒಂದು ಸಬ್‌ರೂಟೀನ್ ಬರೆದರು. ಸಬ್‌ರೂಟೀನ್ ಎಂದರೆ ಸ್ಕ್ರಿಪ್ಟಿನೊಳಗಿನ ಒಬ್ಬ ಆಳು ಎಂದು ಇಟ್ಟುಕೊಳ್ಳಿ. ಹೆಸರು ಹಿಡಿದು ಕರೆದರೆ ಬರುತ್ತಾನೆ, ತನಗೆ ಕಲಿಸಿದ ಒಂದು ಕೆಲಸ ಮಾಡುತ್ತಾನೆ, ಹೋಗುತ್ತಾನೆ. ಅತ್ತೆಯ ಆಳಿನ ಹೆಸರು 'ಕರೆ'. ಕೀಬೋರ್ಡಿನ ದೊಡ್ಡ ಕೀಲಿ ಒತ್ತಿದಾಗೆಲ್ಲ ಅವನು ಬಂದು, ಎಣಿಕೆಯನ್ನು ಒಂದು ಹೆಚ್ಚಿಸಿ, ಆ ನಂಬರಿನ ರೆಕಾರ್ಡು ಹಾಕಿ ಹೋಗಬೇಕು. ಮನೆಯಲ್ಲಿ ಎಲ್ಲರನ್ನೂ ಎದುರಿಗೆ ಕೂರಿಸಿಕೊಂಡು ಅತ್ತೆ ಕೀಲಿ ಒತ್ತಿದರು. "ಒಂದನೇ ನಂಬರಿನವರು ಬನ್ನಿ" ಎಂದು ಸ್ಪೀಕರ್ ಮನೆ ತುಂಬ ಮೊಳಗಿತು. ಅಷ್ಟು ದಿನದ ಮೇಲೆ ಆ ದನಿ ಕೇಳಿ ಮಾವ ಎದ್ದು ಬಂದೇಬಿಟ್ಟರು. ನಾವು ನಕ್ಕೆವು, ಅತ್ತೆ ಕಣ್ಣೊರೆಸಿಕೊಂಡರು, ಕಂಪ್ಯೂಟರ್ ಆರಿಸಿ ಟೀ ಕುಡಿದೆವು. ಎರಡನೇ ಸಲ ಒತ್ತಿ ನೋಡೋಣ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಒಂದನೇ ನಂಬರು ಸಿಕ್ಕಿದ್ದು ಒಬ್ಬ ದರ್ಜಿ ಅಜ್ಜನಿಗೆ. ಹೇಳಿದ ಮಾತು ಮೀರದ ಮನುಷ್ಯ. ಸ್ಪೀಕರ್ ಕರೆಯಿತು, ಅಜ್ಜ ಗೋಡೆ ತಡವಿಕೊಂಡು ಒಳಗೆ ಹೋಗಿ ತೋರಿಸಿಕೊಂಡು ಬಂದು, ಇನ್ನೊಂದು ಹನಿ ಬಿಡಿಸಿಕೊಂಡು ಬೆಂಚಿನ ಮೇಲೆ ಕೂತರು. ಅತ್ತೆ ಮತ್ತೆ ಕೀಲಿ ಒತ್ತಿದರು. "ಒಂದನೇ ನಂಬರಿನವರು ಬನ್ನಿ." ಅಜ್ಜ ಎದ್ದರು. ಒಳಗೆ ಡಾಕ್ಟರಮ್ಮ ತಲೆ ಬಗ್ಗಿಸಿ ಬರೆಯುತ್ತಿದ್ದವರು ಮತ್ತೆ ದೀಪ ಹಿಡಿದು ನೋಡಿ ಕಳಿಸಿದರು. ಹಾಡಿದ್ದೇ ಹಾಡೋ ಕಿಸಬಾಯಿದಾಸನ ಹಾಗೆ ಸ್ಪೀಕರ್ ಇನ್ನೊಮ್ಮೆ ಒಂದು ಎಂದಿತು, ಅಜ್ಜ ಇನ್ನೊಮ್ಮೆ ಎದ್ದರು. ಆಗ ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ನಿಮ್ಮ ಕಣ್ಣು ಚೆನ್ನಾಗಿದೆ ಅಂತ ಆಗಲೇ ಹೇಳಿದೆನಲ್ಲ ಎಂದರಂತೆ. ನೀವು ಕರೀತಾ ಇದ್ದೀರಿ, ನಾನು ಬರ್ತಾ ಇದ್ದೀನಿ ಎಂದು ಅಜ್ಜ ಹೇಳಿದರಂತೆ. ಬೆಂಚಿನ ಮೇಲೆ ಎರಡನೇ ನಂಬರಿನವರು ಈ ಅಜ್ಜನಿಗೆ ಎಷ್ಟು ಕಣ್ಣು ಎಂದು ಕೇಳತೊಡಗಿದ್ದರು.

ಅತ್ತೆ ಮುಖ ಸಣ್ಣ ಮಾಡಿಕೊಂಡು ಮನೆಗೆ ಬಂದರು. ನಾನು ಸ್ಕ್ರಿಪ್ಟು ನೋಡಿದ ಕೂಡಲೇ ತಪ್ಪು ಕಾಣಿಸಿತು, ನಾಲಿಗೆ ಕಚ್ಚಿಕೊಂಡು ಕೂತೆ. ಅತ್ತೆ ನನ್ನ ಮೊಣಕೈ ತಿವಿದು, ಕೇಳುತ್ತಿದ್ದೇನೆ ಹೇಳು ಎಂದು ಸನ್ನೆ ಮಾಡಿದ ಮೇಲೆ ಅಡುಗೆಮನೆಯಿಂದ ಒಂದು ಖಾಲಿ ಡಬ್ಬಿ ತಂದಿಟ್ಟೆ. ಎಣಿಕೆ ಇಡುವ ಜಾಗಕ್ಕೆ ವೇರಿಯಬಲ್ ಎನ್ನುತ್ತೇವೆ, ಅದು ಹೆಸರು ಅಂಟಿಸಿದ ಈ ಡಬ್ಬಿ ಇದ್ದ ಹಾಗೆ. ಅತ್ತೆ ಆ ಡಬ್ಬಿಯನ್ನು ಆಳಿನ ಕೈಗೇ ಕೊಟ್ಟಿದ್ದರು, ಸಬ್‌ರೂಟೀನಿನ ಒಳಗೇ ಹುಟ್ಟಿಸಿದ್ದರು. ಅವನು ಬರುವಾಗ ಹೊಸ ಡಬ್ಬಿ ತರುತ್ತಾನೆ, ಸೊನ್ನೆ ಹಾಕಿಕೊಳ್ಳುತ್ತಾನೆ, ಒಂದು ಸೇರಿಸುತ್ತಾನೆ, ಕೂಗುತ್ತಾನೆ, ಹೋಗುವಾಗ ಡಬ್ಬಿಯನ್ನು ಎಸೆದು ಹೋಗುತ್ತಾನೆ. ಮುಂದಿನ ಸಲ ಕರೆದರೆ ಅವನಿಗೆ ಹಿಂದಿನದು ಒಂದೂ ನೆನಪಿಲ್ಲ. ಎಷ್ಟು ಸಲ ಕರೆದರೂ ಅವನಿಗೆ ಅದು ಮೊದಲನೇ ಸಲವೇ.

ಅತ್ತೆ ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡಿದರು. ಆಮೇಲೆ ಅದನ್ನೆತ್ತಿಕೊಂಡು ಹೋಗಿ ನಡುಮನೆಯ ಮಧ್ಯೆ ಇಟ್ಟು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಅಂದರೆ, ಡಬ್ಬಿಯನ್ನು ಆಳಿನ ಹೊರಗೆ, ಸ್ಕ್ರಿಪ್ಟಿನ ಬಯಲಲ್ಲಿ ಇಟ್ಟುಬಿಡುವುದು. ಅವನು ಬಂದು ಹೋದರೂ ಡಬ್ಬಿ ಅಲ್ಲೇ ಇರುತ್ತದೆ, ಅದರೊಳಗಿನದೂ ಇರುತ್ತದೆ. ಭೇಷ್ ಎಂದೆ. ಅದರಲ್ಲಿ ಇನ್ನೊಂದು ಮುಳ್ಳಿದೆ ಎಂದು ಗೊತ್ತಿತ್ತು, ಆದರೆ ಕೇಳಲಿಲ್ಲವಲ್ಲ.

ಮುಳ್ಳು ಚುಚ್ಚಿದ್ದು ಔಷಧಿ ಅಂಗಡಿಯವನಿಂದ. ಅವನ ಕಿಟಕಿ ಅತ್ತೆಯ ಮೇಜಿಗೆ ಅಂಟಿಕೊಂಡೇ ಇದೆ. ಕೂಗಮ್ಮನ ಮಿಷನ್ನು ಕಂಡವನೇ, ಹನಿ ಔಷಧಿ ಎಷ್ಟು ಬಾಟಲಿ ಹೋಯಿತೆಂದು ನನಗೂ ಎಣಿಸಿಕೊಡಲಿ ಎಂದು ದುಂಬಾಲು ಬಿದ್ದಿದ್ದ. ಅತ್ತೆಗೆ ಇಲ್ಲ ಎನ್ನಲು ಬರುವುದಿಲ್ಲ, ಈಗಂತೂ ಬಾಯೂ ಇರಲಿಲ್ಲ. ತಮ್ಮ ಆಳನ್ನೇ ನಕಲು ಮಾಡಿ, ಕೂಗುವುದನ್ನು ಮಾತ್ರ ತೆಗೆದು, 'ಮಾರು' ಎಂಬ ಇನ್ನೊಬ್ಬನನ್ನು ಅದೇ ಸ್ಕ್ರಿಪ್ಟಿನಲ್ಲಿ ನಿಲ್ಲಿಸಿ, ಅಂಗಡಿಯವನಿಗೊಂದು ಬೇರೆ ಕೀಲಿ ತೋರಿಸಿಕೊಟ್ಟಿದ್ದರು. ನಕಲು ಎಂದರೆ ನಕಲು, ಡಬ್ಬಿಯ ಹೆಸರೂ ಅದೇ. ಔಷಧಿಯವನು ಬಾಟಲಿ ಮಾರಿದಾಗೆಲ್ಲ ಕಿಟಕಿಯಿಂದ ಕೈ ಚಾಚಿ ತನ್ನ ಕೀಲಿ ಒತ್ತುತ್ತಿದ್ದ, ನಡುಮನೆಯ ಡಬ್ಬಿಯಲ್ಲಿ ಎಣಿಕೆ ಏರುತ್ತಿತ್ತು. ಏಳರ ಮೇಲೆ ಸ್ಪೀಕರ್ ಹತ್ತು ಎಂದಿತು. ಹತ್ತನೇ ನಂಬರಿನಾಕೆ ಹಿರಿಹಿರಿ ಹಿಗ್ಗಿ ಎದ್ದಳು, ಎಂಟು ಮತ್ತು ಒಂಬತ್ತನೆಯವರು ಕಣ್ಣು ಮುಚ್ಚಿಕೊಂಡೇ ಜಗಳಕ್ಕೆ ನಿಂತರು, ಅದೂ ಯಾರ ಕಡೆಗೋ ತಿರುಗಿ. ಗದ್ದಲ ಕೇಳಿ ಹೊರಗೆ ಬಂದ ಡಾಕ್ಟರಮ್ಮ, ಸೋಮವಾರದಿಂದ ಬರುವುದಕ್ಕೆ ಒಬ್ಬರನ್ನು ನೋಡಿಟ್ಟಿದ್ದೇನೆ, ಗಂಟಲು ಚೆನ್ನಾಗಿದೆ ಎಂದು ಅತ್ತೆಗೆ ಹೇಳಿದರಂತೆ. ಬೈದಿದ್ದರೆ ವಾಸಿಯಿತ್ತು ಎಂದು ಅತ್ತೆ ಸನ್ನೆಯಲ್ಲೇ ತಿಳಿಸಿದರು. ಆ ಸಂಜೆ ಅವರು ಒಂದು ನಂಬರನ್ನೂ ರೆಕಾರ್ಡ್ ಮಾಡಲಿಲ್ಲ. ನನಗೆ ಅಂಥ ಸಂಕಟ ಆಗಿದ್ದು ಅದೇ ಮೊದಲು. ಎರಡು ನಿಮಿಷದ ಕೆಲಸ, ಅವರು ಮಲಗಿದ ಮೇಲೆ ನಾನೇ ತಿದ್ದಿ ಇಟ್ಟುಬಿಡಲೇ ಎಂದು ಆಸೆಯಾಯಿತು. ಕೊಟ್ಟ ಮಾತು ಅಡ್ಡ ಬಂತು, ಅದಕ್ಕಿಂತ ಹೆಚ್ಚಾಗಿ ಕೈ ಮೇಲಿನ ಏಟಿನ ನೆನಪು ಅಡ್ಡ ಬಂತು.

ಬೆಳಗ್ಗೆ ಅತ್ತೆ ಮೇಜಿನ ಎದುರು ಬಂದು ಕೂತು ನನ್ನ ಮೊಣಕೈ ತಿವಿದಾಗ ನನಗೆ ಹೋದ ಜೀವ ಬಂದಂತಾಯಿತು. ಕೆಲಸ ಹೇಳಿಕೊಡಲಿಲ್ಲ, ಒಂದು ಪ್ರಶ್ನೆ ಕೇಳಿದೆ.

"ಮಾವ ನಸ್ಯದ ಡಬ್ಬಿ ಎಲ್ಲಿಡ್ತಾರೆ, ಅತ್ತೆ?"

ಮಾವನ ನಸ್ಯದ ಡಬ್ಬಿ ಇರುವುದು ಅವರ ಹಳೇ ಗಡಿಯಾರದ ಪೆಟ್ಟಿಗೆಯೊಳಗೆ. ಆ ಪೆಟ್ಟಿಗೆಯ ಕೀಲಿಕೈ ಅವರ ಹತ್ತಿರ ಮಾತ್ರ ಇದೆ. ಡಬ್ಬಿ ಅವರ ಕೈಯಲ್ಲಿಲ್ಲ, ಅವರು ಮಲಗಿದರೂ ಅದು ಕಳೆಯುವುದಿಲ್ಲ. ನಡುಮನೆಯಲ್ಲೂ ಇಲ್ಲ, ಹೋಗಿ ಬರುವವರು ಚಿಟಿಕೆ ಹಾಕುವಂತಿಲ್ಲ. ಅತ್ತೆ ಮೊದಲು ನನ್ನನ್ನು ನೋಡಿದರು, ಆಮೇಲೆ ಪರದೆ ನೋಡಿದರು. ಆಮೇಲೆ ಡಬ್ಬಿಯನ್ನೂ ಆಳನ್ನೂ ಸೇರಿಸಿ ಸುತ್ತ ಒಂದು ಜೊತೆ ಆವರಣ ಚಿಹ್ನೆ ಹಾಕಿದರು. ಬೇಲಿ ಕಟ್ಟಿದ ಹಾಗಾಯಿತು. ಬೇಲಿಯ ಒಳಗೆ, ಆದರೆ ಆಳಿನ ಹೊರಗೆ ಡಬ್ಬಿ. ಹೊರಗಿನವರು ಯಾರಿಗೂ ಅದು ಕಾಣುವುದಿಲ್ಲ. ಬೇಲಿಯೊಳಗಿನ ಆಳು ಮಾತ್ರ ಅದನ್ನು ಹಿಡಿದಿರುತ್ತಾನೆ, ಎಷ್ಟು ಸಲ ಬಂದು ಹೋದರೂ ಹಿಂದೆ ಬಿಟ್ಟಲ್ಲಿಂದಲೇ ಎಣಿಸುತ್ತಾನೆ. ಔಷಧಿಯವನ ಆಳಿಗೂ ಅದೇ ಥರ ಬೇರೆ ಬೇಲಿ, ಬೇರೆ ಡಬ್ಬಿ. ಹೆಸರು ಒಂದೇ ಇದ್ದರೂ ಇನ್ನು ತಂಟೆಯಿಲ್ಲ. ಹೊಸ ಕಂಪ್ಯೂಟರಾಗಿದ್ದರೆ ಇಷ್ಟೆಲ್ಲ ಕಟ್ಟದೆ ಒಂದೇ ಪದದಲ್ಲಿ ಕೆಲಸ ಮುಗಿಯುತ್ತಿತ್ತು. ಆಸ್ಪತ್ರೆಯದು ಆ ಪದ ಹುಟ್ಟುವ ಮೊದಲಿನದು.

ಈ ಸಲ ಮನೆಯಲ್ಲೇ ಕೂತು ಕೀಲಿ ಒತ್ತಿದ್ದೇ ಒತ್ತಿದ್ದು. ಒಂದು, ಎರಡು, ಮೂರು. ನಡುನಡುವೆ ನಾನು ಔಷಧಿಯವನಾಗಿ ಕೈ ಚಾಚಿ ಬಾಟಲಿ ಮಾರಿದೆ. ನಾಲ್ಕು, ಐದು. ಮಾವ ಎಲ್ಲ ನಂಬರಿಗೂ ಎದ್ದು ಎದ್ದು ಬಂದು ಕೊನೆಗೆ ಮೊಣಕಾಲು ಹಿಡಿದುಕೊಂಡು ಕೂತರು. ಕಂಪ್ಯೂಟರ್ ಆರಿಸಿದರೆ ಎಣಿಕೆ ಹೋಗಿಬಿಡುತ್ತದಲ್ಲ ಎಂದು ಅವರಿಗೆ ಚಿಂತೆ. ಹೋಗಲಿ, ನಾಳೆ ಬೆಳಗ್ಗೆ ಮತ್ತೆ ಒಂದರಿಂದಲೇ ತಾನೇ ಶುರುವಾಗಬೇಕಾದ್ದು ಎಂದೆ. ಹೌದಲ್ಲ ಎಂದು ಅವರೂ ನಕ್ಕರು.

ಶನಿವಾರ ನಾನೂ ಆಸ್ಪತ್ರೆಗೆ ಹೋದೆ, ಕಣ್ಣು ತೋರಿಸುವ ನೆಪ ಮಾಡಿಕೊಂಡು. ನೆಪಕ್ಕೆ ತಕ್ಕ ಶಾಸ್ತಿಯೂ ಆಯಿತು. ಹೋದ ತಕ್ಷಣ ನರ್ಸ್ ನನ್ನ ಕಣ್ಣಿಗೂ ಹನಿ ಬಿಟ್ಟು ಗೋಡೆಗೆ ಒರಗಿಸಿದಳು. ಏನು ನೋಡಬೇಕೆಂದು ಹೋಗಿದ್ದೆನೋ ಅದೊಂದೂ ಕಾಣಲಿಲ್ಲ, ಕೇಳುವುದಷ್ಟೇ ಆಯಿತು. ಸ್ಪೀಕರ್ ಒಂದು ಎಂದಿತು. ಯಾರೋ ಎದ್ದರು. ಎರಡು ಎಂದಿತು. ಆಮೇಲೆ ಮೂರು, ನಾಲ್ಕು, ಅತ್ತೆಯ ಹಳೇ ದನಿ ಅಚ್ಚುಕಟ್ಟಾಗಿ ಮೆಟ್ಟಿಲು ಹತ್ತಿದ ಹಾಗೆ ಹೋಗುತ್ತಿತ್ತು. ಔಷಧಿಯವನ ಕೀಲಿ ಟಕ್ ಎನ್ನುತ್ತಿತ್ತು, ಎಣಿಕೆ ಕದಲಲಿಲ್ಲ. ಏಳರ ಮೇಲೆ ಎಂಟೇ ಬಂತು.

ಹತ್ತನೇ ನಂಬರಿನ ಹೊತ್ತಿಗೆ ನನಗೆ ಬೇರೆಯೇ ಒಂದು ಭಯ ಶುರುವಾಯಿತು. ಮಿಷನ್ನು ಇಷ್ಟು ಚೆನ್ನಾಗಿ ಕೂಗಿದರೆ ಅತ್ತೆ ಯಾಕೆ ಬೇಕು? ಕೀಲಿ ಒತ್ತುವುದಕ್ಕೆ ಔಷಧಿಯವನ ಕೈ ಸಾಲದೇ? ತಮ್ಮ ಕುರ್ಚಿಗೆ ತಾವೇ ಗರಗಸ ಹಾಕಿದರಲ್ಲ ಅನಿಸಿತು. ಅತ್ತೆಗೂ ಅದು ಹೊಳೆದಿರಬೇಕು. ಯಾಕೆಂದರೆ ಮುಂದಿನ ನಂಬರು ಕೂಗಿದ ಕೂಡಲೇ ಕುರ್ಚಿ ಹಿಂದೆ ಸರಿದ ಸದ್ದಾಯಿತು, ಅವರ ಚಪ್ಪಲಿಯ ಸದ್ದು ಬೆಂಚಿನ ಕಡೆ ಬಂತು. ನನ್ನ ಪಕ್ಕದಲ್ಲಿದ್ದ ಹೆಂಗಸು ಎಲ್ಲಮ್ಮಾ ಬಾಗಿಲು ಎಂದು ತಡವರಿಸಿದಳು. ಹೀಗೆ ಬನ್ನಿ ಎಂದು ಯಾರೂ ಹೇಳಲಿಲ್ಲ, ಆದರೆ ಅವಳು ಅಬ್ಬಾ ಎಂದು ಉಸಿರುಬಿಟ್ಟು ಎದ್ದು ನಡೆದಳು. ಮತ್ತೆ ಕೀಲಿಯ ಸದ್ದು, ಮತ್ತೆ ಚಪ್ಪಲಿಯ ಸದ್ದು. ಇಡೀ ಬೆಳಗು ಅದೇ ನಡೆಯಿತು.

ನನ್ನ ಸರದಿಯ ಹೊತ್ತಿಗೆ ಬೆಂಚು ಖಾಲಿಯಾಗಿತ್ತು. ಕೈ ಹಿಡಿದು ಒಳಗೆ ಕರೆದುಕೊಂಡು ಹೋದವರು ಯಾರೆಂದು ನೋಡಬೇಕಾಗಿರಲಿಲ್ಲ. ಸೊಪ್ಪು ಬಿಡಿಸಿ ಬಿಡಿಸಿ ಒರಟಾದ ಆ ಬೆರಳು ನನಗೆ ಗೊತ್ತು. ಡಾಕ್ಟರಮ್ಮ ನನ್ನ ಕಣ್ಣು ನೋಡಿ ಮುಗಿಸಿ ದೀಪ ಆರಿಸಿದರು. ಆಮೇಲೆ ನನ್ನ ಜೊತೆ ಅಲ್ಲ, ನನ್ನ ಪಕ್ಕದ ಮಂಜುಮಂಜಾದ ಆಕೃತಿಯ ಜೊತೆ ಮಾತಾಡಿದರು.

"ಕೂಗಮ್ಮ, ಮಿಷನ್ ಕೂಗೋದಾದ್ರೆ ನಿಮಗೇನು ಕೆಲಸ ಉಳೀತು ಅಂತ ಬೆಳಗ್ಗೆ ಯೋಚಿಸ್ತಿದ್ದೆ. ಇವತ್ತು ನನ್ನ ಹೊಸ್ತಿಲಲ್ಲಿ ಒಬ್ಬರೂ ಎಡವಲಿಲ್ಲ. ಹೆದರಿಕೊಂಡು ಒಳಗೆ ಬಂದೋರೂ ಇಲ್ಲ. ಇಷ್ಟು ವರ್ಷ ಕೂಗೋದ್ರಲ್ಲಿ ಆ ಕುರ್ಚಿ ಬಿಟ್ಟು ಏಳೋಕೇ ನಿಮಗೆ ಬಿಡುವಿರಲಿಲ್ಲ."

ಬೆಳಗ್ಗೆಯಿಂದ ಒಂದು ಮಾತೂ ಆಡದೆ ಉಳಿಸಿಕೊಂಡಿದ್ದ ಆ ದಿನದ ಪಾಲನ್ನು ಅತ್ತೆ ಆಗ ತೆಗೆದರು.

"ಸೋಮವಾರ ಎಷ್ಟು ಹೊತ್ತಿಗೆ ಬರ್ಲಿ?"

ಡಾಕ್ಟರಮ್ಮ ಆಗಲೇ ಕಾಗದಗಳನ್ನು ಜೋಡಿಸಿಡುತ್ತಿದ್ದರು.

"ಯಾವಾಗ್ಲೂ ಬರೋ ಹಾಗೇ," ಎಂದರು.

ನಾನು ಅತ್ತುಬಿಟ್ಟೆ. ಸಂತೋಷಕ್ಕೆ ಅಳುವವರನ್ನು ಕಂಡರೆ ನನಗೆ ಆಗುವುದಿಲ್ಲ, ಆದರೂ ಅಳು ತಡೆಯಲಿಲ್ಲ. ಅತ್ತೆ ತಮ್ಮ ಸೆರಗಿನಿಂದ ನನ್ನ ಕಣ್ಣೊರೆಸಿ, ಕೈ ಹಿಡಿದುಕೊಂಡೇ ಮನೆಗೆ ಕರೆದುಕೊಂಡು ಬಂದರು. ದಾರಿಯುದ್ದಕ್ಕೂ ಮೆಲ್ಲಗೆ ಅವರೇ ಮಾತಾಡಿದರು, ಲೋಟ ಬರಿದಾಗುವವರೆಗೂ.